27 ಸೀಟು, 64 ಕೋಟಿ

ಚುನಾವಣೆ ಹತ್ತಿರ ಇರುವಾಗ ಹಗರಣವೊಂದು ಹೊರಬಿದ್ದರೆ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ‘ಬಿಡಿ, ಜನರೇ ತೀರ್ಪು ಕೊಡ್ತಾರೆ.’ ಇದನ್ನು ಕೇಳಿದಾಗಲೆಲ್ಲ ನನಗೆ 1989 ನೆನಪಾಗುತ್ತದೆ.

ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. 1986ರಲ್ಲಿ ರಾಜೀವ್ ಗಾಂಧಿ ಪ್ರಧಾನಿಯಾಗಿದ್ದ ಕೇಂದ್ರದ ಕಾಂಗ್ರೆಸ್ ಸರ್ಕಾರ ಸ್ವೀಡನ್ನಿನ ಬೋಫೋರ್ಸ್ ಕಂಪನಿಯಿಂದ 1,437 ಕೋಟಿ ರೂಪಾಯಿಗೆ ಫಿರಂಗಿ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಫಿರಂಗಿ ಚೆನ್ನಾಗಿಯೇ ಇತ್ತು. ಕಾರ್ಗಿಲ್‌ನಲ್ಲಿ ನಮ್ಮ ಸೈನಿಕರ ಕೈ ಹಿಡಿದಿದ್ದು ಅದೇ. ಆದರೆ 1987ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೋ, ಈ ವ್ಯವಹಾರದಲ್ಲಿ ಲಂಚ ಕೊಡಲಾಗಿದೆ ಎಂದು ಸುದ್ದಿ ಮಾಡಿತು. 64 ಕೋಟಿ ಎಂಬ ಲೆಕ್ಕ ದೇಶದ ಬಾಯಲ್ಲೆಲ್ಲ ಓಡಾಡಿತು. 1984ರಲ್ಲಿ 400ಕ್ಕೂ ಹೆಚ್ಚು ಸೀಟು ಗೆದ್ದಿದ್ದ ಕಾಂಗ್ರೆಸ್ 1989ರಲ್ಲಿ 197ಕ್ಕೆ ಕುಸಿಯಿತು. ವಿ.ಪಿ. ಸಿಂಗ್ ಪ್ರಧಾನಿಯಾದರು.

ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸೀಟುಗಳಲ್ಲಿ 27 ಕಾಂಗ್ರೆಸ್ಸಿಗೇ ಬಂದವು!

ನಮ್ಮವರಿಗೆ ಲಂಚದ ಮೇಲೆ ಕೋಪ ಇರಲಿಲ್ಲವಾ? ಇತ್ತು. ಆದರೆ ಅವರ ಕಣ್ಣೆದುರಿಗೆ ಇದ್ದದ್ದೇ ಬೇರೆ. ಫೋನ್ ಕದ್ದಾಲಿಕೆ ವಿವಾದದಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ 1988ರಲ್ಲಿ ರಾಜೀನಾಮೆ ಕೊಟ್ಟಿದ್ದರು. ಅವರ ನಂತರ ಬಂದ ಎಸ್.ಆರ್. ಬೊಮ್ಮಾಯಿ ಸರ್ಕಾರ ಮರುವರ್ಷ ವಜಾ ಆಗಿತ್ತು. ಇಲ್ಲಿ ಆಳಿದ್ದ ಜನತಾ ಪರಿವಾರದ ಒಳಜಗಳ ನೋಡಿ ನೋಡಿ ಜನ ಬೇಸತ್ತಿದ್ದರು. ಲೋಕಸಭೆಯ ಜೊತೆಗೇ ವಿಧಾನಸಭೆಗೂ ಮತದಾನ ನಡೆಯಿತು. ದೆಹಲಿಯ ಲೆಕ್ಕಕ್ಕಿಂತ ಹತ್ತಿರದ ಲೆಕ್ಕವೇ ಅವರಿಗೆ ದೊಡ್ಡದಾಗಿ ಕಂಡಿತು. ಅದರಲ್ಲಿ ತಪ್ಪು ಹುಡುಕುವುದಕ್ಕೆ ನಾನು ಯಾರು?

ಈಗ ಹೇಳಿ, ಇದರಲ್ಲಿ ತೀರ್ಪು ಯಾವುದು? ದೇಶದಲ್ಲಿ ಸೋತರು ಅಂತ ರಾಜೀವ್ ಗಾಂಧಿ ತಪ್ಪಿತಸ್ಥರಾದರಾ? ಇಲ್ಲಿ ಗೆದ್ದರು ಅಂತ ನಿರಪರಾಧಿಯಾದರಾ? ಯಾರು ಆಳಬೇಕು ಅಂತ ವೋಟು ಹೇಳಬಲ್ಲದು. ದುಡ್ಡು ಯಾರ ಖಾತೆಗೆ ಹೋಯಿತು ಅಂತ ಅದು ಹೇಗೆ ಹೇಳೀತು?

ಅದನ್ನು ಹೇಳಬೇಕಾದವರು ಏನು ಮಾಡಿದರು ನೋಡಿ. ನಮ್ಮ ರಾಜ್ಯದವರೇ ಆದ ಶಂಕರಾನಂದ್ ಅಧ್ಯಕ್ಷತೆಯ ಸಂಸದೀಯ ಸಮಿತಿ ಲಂಚವೇ ಇಲ್ಲ ಎಂದಿತು. ಆ ಸಮಿತಿಯಲ್ಲಿ ಪ್ರಮುಖ ವಿರೋಧ ಪಕ್ಷಗಳು ಇರಲಿಲ್ಲ, ಬಹಿಷ್ಕರಿಸಿದ್ದವು. ಸಿಬಿಐ ಪ್ರಕರಣ ದಾಖಲಿಸಿದ್ದು 1990ರಲ್ಲಿ, ಅದೂ ಸರ್ಕಾರ ಬದಲಾದ ಮೇಲೆ. ಆರೋಪಿಗಳಲ್ಲಿ ಒಬ್ಬನಾದ ಇಟಲಿಯ ಉದ್ಯಮಿ ಕ್ವಟ್ರೋಕಿ 1993ರಲ್ಲಿ ದೇಶ ಬಿಟ್ಟು ಹೋದ. ಆರೋಪಪಟ್ಟಿ ಸಲ್ಲಿಕೆಯಾಗಿದ್ದು 1999ರಲ್ಲಿ. 2004ರಲ್ಲಿ ದೆಹಲಿ ಹೈಕೋರ್ಟ್ ರಾಜೀವ್ ಮೇಲಿನ ಲಂಚದ ಆರೋಪವನ್ನು ರದ್ದು ಮಾಡಿತು. ಅಷ್ಟರಲ್ಲಿ ಅವರು ತೀರಿಕೊಂಡು ಹದಿಮೂರು ವರ್ಷ ಸಮೀಪಿಸಿತ್ತು. 2005ರಲ್ಲಿ ಉದ್ಯಮಿಗಳಾದ ಹಿಂದುಜಾ ಸಹೋದರರ ಮೇಲಿನ ಆರೋಪಗಳೂ ಬಿದ್ದವು. ಅದರ ವಿರುದ್ಧ ಸಿಬಿಐ ಸುಪ್ರೀಂ ಕೋರ್ಟಿಗೆ ಹೋದದ್ದು 2018ರಲ್ಲಿ. ಬರೋಬ್ಬರಿ 4,500 ದಿನಕ್ಕೂ ಜಾಸ್ತಿ ತಡ! ಕೋರ್ಟು ಮೇಲ್ಮನವಿಯನ್ನು ತಳ್ಳಿಹಾಕಿತು.

ನನಗೆ ಜಾಸ್ತಿ ಸಂಕಟವಾಗುವುದು ಇಲ್ಲೇ. ತಪ್ಪು ಮಾಡಿದವರು ಇದ್ದಿದ್ದರೆ ತಪ್ಪಿಸಿಕೊಂಡರು. ಮಾಡದವರು ಬದುಕಿರುವಾಗ ‘ಕಳ್ಳ’ ಎನ್ನಿಸಿಕೊಂಡೇ ಹೋದರು. ಇಬ್ಬರ ವಿಷಯದಲ್ಲೂ ನಾವು ವೋಟು ಹಾಕಿ, ಕೆಲಸ ಮುಗಿಯಿತು ಅಂತ ಸುಮ್ನೆ ಕೂತೆವು, ಅಲ್ವಾ?

ಹಾಗಾಗಿ ಇನ್ನು ವೋಟು ಕೇಳಿಕೊಂಡು ಯಾವ ಪಕ್ಷದವರೇ ಬರಲಿ, ಹಗರಣದ ವಿಷಯ ಎತ್ತಿದರೆ ನನ್ನದು ಒಂದೇ ಪ್ರಶ್ನೆ. ನೀವು ಗೆದ್ದ ಮೇಲೆ ಈ ತನಿಖೆ ಎಷ್ಟು ತಿಂಗಳಲ್ಲಿ ಕೋರ್ಟು ಮುಟ್ಟುತ್ತದೆ? ನೀವು ಸೋತರೆ, ಆಮೇಲೂ ಅದರ ಬಗ್ಗೆ ಕೇಳುತ್ತಲೇ ಇರುತ್ತೀರಾ?