ಸತ್ಯಾಂಶ: ಈಜುಕೊಳದ ನೀರನ್ನು ತಿಂಗಳಿಗೊಮ್ಮೆ ಚೆಲ್ಲಬೇಕಿಲ್ಲ

‘ಮನೆಯ ಈಜುಕೊಳದ ನೀರನ್ನು ತಿಂಗಳಿಗೊಮ್ಮೆ ಪೂರ್ತಿ ಬದಲಿಸದಿದ್ದರೆ ರೋಗ ಖಚಿತ’ ಎಂಬ ವಾಟ್ಸ್ಆ್ಯಪ್ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. 8 ಮೀಟರ್ ಉದ್ದ, 4 ಮೀಟರ್ ಅಗಲ, 1.4 ಮೀಟರ್ ಆಳದ ಕೊಳವೆಂದರೆ ಸುಮಾರು 45,000 ಲೀಟರ್. ನೀರನ್ನು ಶುದ್ಧವಾಗಿಡುವುದು ಫಿಲ್ಟರ್ ಮತ್ತು ಕ್ಲೋರಿನ್, ಹೊಸ ನೀರಲ್ಲ. ಪಿಎಚ್ (ಆಮ್ಲ-ಕ್ಷಾರದ ಅಳತೆ) 7.2ರಿಂದ 7.8, ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರ್‌ಗೆ ಮಿಲಿಗ್ರಾಂ) ಇದ್ದರೆ ಅದೇ ನೀರು ವರ್ಷಗಟ್ಟಲೆ ಬರುತ್ತದೆ. ಪಾಚಿಯಿಂದ ನೀರು ಹಸಿರಾದರೂ ಚೆಲ್ಲಬೇಡಿ: ಗೋಡೆ ಉಜ್ಜಿ, ಸಂಜೆ ಹೆಚ್ಚುವರಿ ಕ್ಲೋರಿನ್ ಹಾಕಿ, ನೀರು ತಿಳಿಯಾಗುವವರೆಗೆ ಫಿಲ್ಟರ್ ಓಡಿಸಿ. ಮಳೆಗಾಲದಲ್ಲಂತೂ ಖಾಲಿ ಕೊಳ ಅಪಾಯಕಾರಿ. ಅಂತರ್ಜಲದ ಒತ್ತಡಕ್ಕೆ ತಳವೇ ಬಿರುಕು ಬಿಡಬಹುದು.

ನೀರಿನ ನಿಜವಾದ ನಷ್ಟ ಬೇರೆಡೆ ಇದೆ. ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ಈ ಕೊಳದಿಂದ 160 ಲೀಟರ್ ಹೋಗುತ್ತದೆ. ಬಳಸದಾಗ ಮೇಲೆ ಹೊದಿಕೆ ಹಾಸಿದರೆ ಅದರಲ್ಲಿ ಬಹುಪಾಲು ಉಳಿಯುತ್ತದೆ.

ಸೋರಿಕೆಯ ಅನುಮಾನವೇ? ಬಕೆಟ್‌ಗೆ ಕೊಳದ ನೀರು ತುಂಬಿ ಕೊಳದೊಳಗಿನ ಮೆಟ್ಟಿಲ ಮೇಲಿಡಿ. ಬಕೆಟ್ ಒಳಗಿನ, ಹೊರಗಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. 24 ಗಂಟೆಯಲ್ಲಿ ಹೊರಗಿನದೇ ಹೆಚ್ಚು ಇಳಿದಿದ್ದರೆ ಕೊಳ ಸೋರುತ್ತಿದೆ.

ಮರಳಿನ ಫಿಲ್ಟರನ್ನು ವಾರ ನೋಡಿ ಬ್ಯಾಕ್‌ವಾಶ್ ಮಾಡುವುದೂ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವುದು) ದಂಡ. ಒತ್ತಡದ ಮೀಟರ್ ಶುಚಿಯಾಗಿದ್ದಾಗಿನದಕ್ಕಿಂತ 8–10 ಪಿಎಸ್‌ಐ (ಒತ್ತಡದ ಅಳತೆ) ಏರಿದಾಗ ಮಾತ್ರ ಮಾಡಿ, ಫಿಲ್ಟರಿನ ನೋಟದ ಗಾಜಿನಲ್ಲಿ ನೀರು ತಿಳಿಯಾದ ಕೂಡಲೇ ನಿಲ್ಲಿಸಿ.

ನೀರು ಬದಲಿಸಬೇಕಿಲ್ಲ ಎಂಬುದಕ್ಕೆ ಒಂದು ವಿನಾಯಿತಿ ಇದೆ. ಟ್ರೈಕ್ಲೋರ್ ಎಂಬ ಕ್ಲೋರಿನ್ ಬಿಲ್ಲೆಗಳಿಂದ ಸಯನ್ಯೂರಿಕ್ ಆಮ್ಲ (ಬಿಸಿಲಿನಿಂದ ಕ್ಲೋರಿನ್ ಕಾಯುವ ರಾಸಾಯನಿಕ) ನೀರಿಗೆ ಸೇರುತ್ತಾ ಹೋಗಿ, 100 ಪಿಪಿಎಂ ದಾಟಿದರೆ ಕ್ಲೋರಿನ್ ಮಂಕಾಗುತ್ತದೆ. ಆಗಲೂ ಒಂದು ಭಾಗ ನೀರು ಬದಲಿಸಿದರೆ ಸಾಕು.