ದೂರ ಇದ್ದ ಮಾತ್ರಕ್ಕೆ ವಿಚ್ಛೇದನ ಆಗಲ್ಲ

ಗಂಡ ಹೆಂಡತಿ ಇಷ್ಟು ವರ್ಷ ಬೇರೆ ಬೇರೆ ಇದ್ದರೆ ಮದುವೆ ತಾನಾಗಿಯೇ ಮುರಿದ ಹಾಗೆ, ಕೋರ್ಟಿಗೆ ಹೋಗಬೇಕಿಲ್ಲ ಎನ್ನುವ ಸಂದೇಶ ವಾಟ್ಸಾಪಿನಲ್ಲಿ ಆಗಾಗ ಬರುತ್ತದೆ. ಇದು ತಪ್ಪು.

ಗೊಂದಲ ಹುಟ್ಟಿದ್ದು ಬಹುಶಃ ಕಾಯ್ದೆಯ ಅಂಕಿಗಳಿಂದಲೇ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ, ಸಂಗಾತಿ ಕಾರಣವಿಲ್ಲದೆ ಎರಡು ವರ್ಷ ಬಿಟ್ಟುಹೋಗಿದ್ದರೆ ವಿಚ್ಛೇದನ ಕೇಳಬಹುದು ಎಂದಿದೆ. ಇಬ್ಬರೂ ಒಪ್ಪಿದ್ದರೆ 13ಬಿ ಅಡಿ ಒಂದು ವರ್ಷ ದೂರ ಇದ್ದರೆ ಸಾಕು. ಗಮನಿಸಿ, ಇವು ಅರ್ಜಿ ಹಾಕಲು ಬೇಕಾದ ಅವಧಿ ಅಷ್ಟೆ. ಮದುವೆ ಮುಗಿಯುವುದು ಕೋರ್ಟು ಡಿಕ್ರಿ, ಅಂದರೆ ವಿಚ್ಛೇದನದ ಆದೇಶ, ಕೊಟ್ಟ ಮೇಲೆ. ಹತ್ತು ವರ್ಷ ದೂರ ಇದ್ದರೂ ಅಷ್ಟೇ.

ಛಾಪಾ ಕಾಗದದಲ್ಲಿ ಬರೆದುಕೊಂಡು ಸಹಿ ಹಾಕಿದರೂ ಸಾಮಾನ್ಯವಾಗಿ ನಡೆಯುವುದಿಲ್ಲ. ಕೆಲವು ಸಮುದಾಯಗಳಲ್ಲಿ ಕೋರ್ಟಿಗೆ ಹೋಗದೆ ವಿಚ್ಛೇದನ ಕೊಡುವ ರೂಢಿಗೆ ಕಾಯ್ದೆ ಜಾಗ ಬಿಟ್ಟಿದೆ ನಿಜ, ಆದರೆ ಆ ರೂಢಿ ಇದೆ ಎಂದು ಸಾಬೀತು ಮಾಡಬೇಕು. ಸುಮ್ನೆ ನಂಬಿ ಇನ್ನೊಂದು ಮದುವೆಯಾದರೆ ಏಳು ವರ್ಷದವರೆಗೆ ಜೈಲಾಗಬಹುದು. ಆ ಎರಡನೇ ಮದುವೆಗೆ ಕಾನೂನಿನ ಬಲವೂ ಇರುವುದಿಲ್ಲ. ಪಾಪ, ಅದರ ಪೆಟ್ಟು ಜಾಸ್ತಿ ಬೀಳುವುದು ಏನೂ ಗೊತ್ತಿಲ್ಲದೆ ಮದುವೆಯಾದವರಿಗೆ.

ಇಂಥ ಸಂದೇಶ ಕಳಿಸುವವರು ಹೆಚ್ಚಾಗಿ ಒಳ್ಳೆಯ ಮನಸ್ಸಿನಿಂದಲೇ ಕಳಿಸುತ್ತಾರೆ. ನೀವು ನೋಡಬೇಕಾದ್ದು ಇಷ್ಟು: ಯಾವ ಕಾಯ್ದೆ, ಯಾವ ಕಲಮು ಎಂದು ಬರೆದಿದ್ದಾರಾ? ಬರೆದಿದ್ದರೆ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಿ ಆ ಕಲಮು ತೆಗೆದು ಓದಿ, ದುಡ್ಡು ಕೊಡಬೇಕಿಲ್ಲ. ‘ಅರ್ಜಿ ಹಾಕಬಹುದು’ ಎಂದಿದೆಯೋ, ‘ಮುಗಿಯುತ್ತದೆ’ ಎಂದಿದೆಯೋ ನೋಡಿ. ಓದಿ ಅರ್ಥವಾಗದಿದ್ದರೆ ತಾಲ್ಲೂಕು ಕೋರ್ಟಿನ ಉಚಿತ ಕಾನೂನು ನೆರವು ಕೇಂದ್ರದಲ್ಲಿ ಕೇಳಬಹುದು. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿಯೂ ಇಲ್ಲ.