ಕಳಿಸಿದ್ದೆಷ್ಟು, ತಲುಪಿದ್ದೆಷ್ಟು

ಕಳೆದ ತಿಂಗಳು ಒಂದು ಪ್ರಶ್ನೆ ನನ್ನನ್ನು ಚುಚ್ಚಿತು. ಎರಡು ಸರ್ವರ್‌ಗಳ ನಡುವಿನ ಗಿಗಾಬಿಟ್ ಲಿಂಕನ್ನು ಐಪರ್ಫ್-3 ಎಂಬ ವೇಗ ಅಳೆಯುವ ಪ್ರೋಗ್ರಾಂನಲ್ಲಿ ಅಳೆದಿದ್ದೆ. ತಲುಪಿತೇ ಎಂದು ನೋಡಿಕೊಳ್ಳುತ್ತ, ನಷ್ಟ ಕಂಡರೆ ವೇಗ ಇಳಿಸುವ ಟಿಸಿಪಿ ವಿಧಾನದಲ್ಲಿ ಸೆಕೆಂಡಿಗೆ 941 ಮೆಗಾಬಿಟ್, ಏನನ್ನೂ ನೋಡದೆ ಕಳಿಸುತ್ತಲೇ ಹೋಗುವ ಯುಡಿಪಿಯಲ್ಲಿ ಬರೀ 1.05. ದಾರಿಯಲ್ಲಿ ಯಾವುದೋ ಸಾಧನ ಯುಡಿಪಿಯನ್ನು ಹಿಡಿದಿಡುತ್ತಿದೆ ಎಂದು ಬರೆದು ಕಳಿಸಿಬಿಟ್ಟೆ. ನನಗಿಂತ ಹತ್ತು ವರ್ಷ ಕಿರಿಯಳಾದ ಇಲ್ಲಿನ ಸಹೋದ್ಯೋಗಿ ಕೇಳಿದ್ದು ಇಷ್ಟೇ: "ಎಷ್ಟು ವೇಗದಲ್ಲಿ ಕಳಿಸಲು ಹೇಳಿದ್ದಿರಿ?" ನಾನು ಹೇಳಿಯೇ ಇರಲಿಲ್ಲ. ಹೇಳದಿದ್ದರೆ ಯುಡಿಪಿಯಲ್ಲಿ ಐಪರ್ಫ್ ಸೆಕೆಂಡಿಗೆ 1 ಮೆಗಾಬಿಟ್ ಮಾತ್ರ ಕಳಿಸುತ್ತದೆ. ಲಿಂಕಿನದ್ದು ಏನೂ ತಪ್ಪಿರಲಿಲ್ಲ.

ಕರ್ನಾಟಕ ಬಿಟ್ಟು ಒಂಬತ್ತು ವರ್ಷವಾದರೂ ಅಲ್ಲಿನ ಅವಸರ ನನ್ನನ್ನು ಬಿಟ್ಟಿಲ್ಲ. ದೂರು ಬಂದ ಕೂಡಲೇ ಒಂದು ಅಂಕಿ ಹಿಡಿದು ತೀರ್ಪು ಹೇಳುವವನೇ ಜಾಣ ಎಂದು ನಾವು ನಂಬಿದ್ದೆವು. ಇಲ್ಲಿ ಅಂಕಿಗೆ ಮೊದಲು ಅದರ ಹಿನ್ನೆಲೆ ಬರೆಯಬೇಕು: ಯಾವ ದಿಕ್ಕಿಗೆ ಕಳಿಸಿದ್ದು, ಎಷ್ಟು ಹೊತ್ತು, ಪಿಂಗ್ ಸಮಯ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು) ಎಷ್ಟು, ತಲುಪಿದ ಕಡೆಯ ಲೆಕ್ಕವೇನು. ಮೊದಮೊದಲು ಇದು ಗುಮಾಸ್ತಗಿರಿ ಎನಿಸಿ ರೇಗುತ್ತಿತ್ತು. ಈಗ ಹಾಗೆನಿಸುವುದಿಲ್ಲ.

ಅಲ್ಲಿದ್ದಾಗಿನ ಒಂದು ಪ್ರಕರಣ ನೆನಪಾದರೆ ಈಗಲೂ ಸಂಕಟವಾಗುತ್ತದೆ. 100 ಮೆಗಾಬಿಟ್ಟಿನ ದೂರದ ಲಿಂಕು. ಯುಡಿಪಿ 95 ಮುಟ್ಟುತ್ತಿತ್ತು, ಟಿಸಿಪಿ ಮೂರೂವರೆ ದಾಟುತ್ತಿರಲಿಲ್ಲ. ಮೂರು ವಾರ ಕೇಬಲ್ ಬದಲಿಸಿದೆವು, ಸ್ವಿಚ್ಚಿನ ಪೋರ್ಟ್ ಬದಲಿಸಿದೆವು, ಲಿಂಕ್ ಕೊಟ್ಟವರೊಡನೆ ಜಗಳವಾಡಿದೆವು. ಪಿಂಗ್ 150 ಮಿಲಿಸೆಕೆಂಡ್ ಎಂದು ಯಾರಾದರೂ ಬರೆದಿಟ್ಟಿದ್ದರೆ ಸಾಕಿತ್ತು. ಯುಡಿಪಿ ಯಾರ ಉತ್ತರಕ್ಕೂ ಕಾಯುವುದಿಲ್ಲ. ಟಿಸಿಪಿ ಮಾತ್ರ ಒಂದು ವಿಂಡೋದಷ್ಟು, ಅಂದರೆ ಒಮ್ಮೆಗೆ ಕಳಿಸಬಹುದಾದ ಮಿತಿಯಷ್ಟು ಕಳಿಸಿ, ತಲುಪಿತು ಎಂಬ ಸುದ್ದಿಗೆ ಕಾಯುತ್ತದೆ. ವಿಂಡೋ 64 ಕಿಲೋಬೈಟ್‌ಗೆ ನಿಂತುಬಿಟ್ಟರೆ, ಅದನ್ನು ಬಿಟ್ಟುಗಳಾಗಿಸಿ (ಒಂದು ಬೈಟಿಗೆ ಎಂಟು ಬಿಟ್) 150 ಮಿಲಿಸೆಕೆಂಡಿನಿಂದ ಭಾಗಿಸಿ ನೋಡಿ, ಸೆಕೆಂಡಿಗೆ ಸರಿಯಾಗಿ ಮೂರೂವರೆ ಮೆಗಾಬಿಟ್. ವಿಂಡೋ ಹಿಗ್ಗಿಸುವ ವ್ಯವಸ್ಥೆ 1992ರಿಂದಲೂ ಇದೆ. ನಡುವಿನ ಹಳೆಯ ಫೈರ್‌ವಾಲ್ ಆ ಸೂಚನೆಯನ್ನೇ ಅಳಿಸಿಹಾಕುತ್ತಿತ್ತು. ಒಂದು ಭಾಗಾಕಾರಕ್ಕೆ ಮೂರು ವಾರ!

ಹಾಗಾಗಿ ಇಲ್ಲಿನ ಪದ್ಧತಿಯೇ ಮೇಲು ಎಂದು ಅಲ್ಲಿನ ಗೆಳೆಯರಿಗೆ ಸಿಕ್ಕಿದಾಗಲೆಲ್ಲ ಹೇಳುತ್ತೇನೆ. ಆದರೆ ಮೊದಲು ಹೇಳಿದ ಲಿಂಕಿನ ಕತೆ ಅಲ್ಲಿಗೇ ಮುಗಿಯಲಿಲ್ಲ. ಅದನ್ನು ಇಲ್ಲಿ ಹೇಳದೆ ಬಿಡುವುದು ಸರಿಯಲ್ಲ.

ವೇಗವನ್ನು 900 ಎಂದು ಕೊಟ್ಟು ಮತ್ತೆ ಯುಡಿಪಿ ಅಳೆದೆ. ಕಳಿಸುವ ಕಡೆ 900 ಎಂದಿತು. ತಲುಪಿದ ಕಡೆ ನೂರಕ್ಕೆ ಹನ್ನೆರಡು ಪ್ಯಾಕೆಟ್ (ಕಳಿಸಿದ ಮಾಹಿತಿಯ ತುಣುಕು) ನಾಪತ್ತೆ. ಇಲ್ಲಿನ ಮೂರು ತಂಡಗಳು ಎಂಟು ದಿನ ತಮ್ಮ ತಮ್ಮ ಕಲಂಗಳನ್ನು ಚೊಕ್ಕವಾಗಿ ತುಂಬಿ ಕಡತವನ್ನು ಮುಂದಕ್ಕೆ ದಾಟಿಸಿದವು. ಒಬ್ಬರೂ ಇನ್ನೊಬ್ಬರ ಮೇಜಿನ ಬಳಿ ಹೋಗಲಿಲ್ಲ. ಒಂಬತ್ತನೆಯ ರಾತ್ರಿ, ಹಿಂದೆ ನನಗೆ ಕೆಲಸ ಕಲಿಸಿದ ಅಲ್ಲಿನ ಹಿರಿಯರಿಗೆ ಫೋನ್ ಮಾಡಿ ಕಡತವನ್ನು ಓದಿ ಹೇಳಿದೆ. ಅರ್ಧಕ್ಕೇ ತಡೆದರು. "ಅಲ್ಲಪ್ಪಾ, ದಾರಿಯಲ್ಲೇ ಅಷ್ಟು ಕಳೆದುಹೋಗಿದ್ದರೆ ಟಿಸಿಪಿ ನೆಲಕಚ್ಚಬೇಕಿತ್ತಲ್ಲ? ಅದು 941 ಕೊಡುತ್ತಿದೆ. ತಲುಪಿದ ಯಂತ್ರದ ಒಳಗೆ ನೋಡು."

ನೋಡಿದೆ. ಲಿನಕ್ಸ್‌ನ ಯುಡಿಪಿ ಬಫರ್ (ಬಂದದ್ದನ್ನು ಓದುವವರೆಗೆ ಇಟ್ಟುಕೊಳ್ಳುವ ಜಾಗ) ದೋಷಗಳ ಎಣಿಕೆ ಕಣ್ಣೆದುರೇ ಏರುತ್ತಿತ್ತು. ಬಫರ್ ಇದ್ದದ್ದು 212992 ಬೈಟ್, ಅಂದರೆ ಆ ವೇಗಕ್ಕೆ ಎರಡು ಮಿಲಿಸೆಕೆಂಡಿನೊಳಗೆ ತುಂಬಿ ಹೋಗುವಷ್ಟು. ಓದುವ ಪ್ರೋಗ್ರಾಂ ಒಂದಿಷ್ಟು ತಡಮಾಡಿದರೂ ಬಂದದ್ದೆಲ್ಲ ಚೆಲ್ಲಿಹೋಗುತ್ತಿತ್ತು. ಬಫರ್ ದೊಡ್ಡದು ಮಾಡಿದೆ, ನಷ್ಟ ನಿಂತಿತು. ಅವರು ಇನ್ನೂ ಫೋನಿನಲ್ಲೇ ಇದ್ದರು.

ಮರುದಿನ ಕಡತದಲ್ಲಿ ಎಲ್ಲ ಅಂಕಿಗಳನ್ನೂ ಬರೆದೆ. ದಾರಿ ತೋರಿಸಿದವರ ಹೆಸರಿಗೆ ಅಲ್ಲಿ ಕಲಂ ಇರಲಿಲ್ಲ. ಕೆಳಗೆ ಒಂದು ಗೆರೆ ಎಳೆದು ಬರೆದೆ.